ಆರು ಹೆತ್ತವಳಿಗೆ ಮೂರು ಹೆತ್ತವಳು

ಆರು ಹೆತ್ತವಳಿಗೆ ಮೂರು ಹೆತ್ತವಳು ಬುದ್ಧಿ ಹೇಳಿದಳಂತೆ ಎಂಬ ಗಾದೆ ನಮ್ಮ ಕಡೆ ಬಳಕೆಯಲ್ಲಿದೆ. ಹೆಚ್ಚು ಬಲ್ಲವರಿಗೆ ಕಡಿಮೆ ಬಲ್ಲವರು ಉಪದೇಶ ಮಾಡಲು ಹೊರಟಾಗ ಹಿರಿಯರು ನಕ್ಕು ಈ ಮಾತನ್ನು ಆಡುತ್ತಾರೆ. ಗಾದೆಯ ಹಾಸ್ಯ ಸರಿಯಾದದ್ದೇ. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಆರು ಹೆತ್ತರೂ ಅವಳಿಗೆ ಬುದ್ಧಿ ಹೇಳುವವರು ತಪ್ಪಲಿಲ್ಲ! ಈ ಲೋಕದಲ್ಲಿ ಮಗು ಹೆತ್ತವಳಷ್ಟು ಪುಕ್ಕಟೆ ಉಪದೇಶ ಪಡೆಯುವವರು ಇನ್ನಾರೂ ಇಲ್ಲ. ಬಸಿನಲ್ಲಿ ಪಕ್ಕ ಕೂತವಳಿಂದ ಹಿಡಿದು ಸೊಪ್ಪು ಮಾರುವವಳ ತನಕ ಎಲ್ಲರೂ ಹೇಳುತ್ತಾರೆ. ಮಗುವಿಗೆ ಕುಲಾವಿ ಯಾಕೆ ಹಾಕಿಲ್ಲ, ಇಷ್ಟು ಸೆಖೆಗೆ ಕುಲಾವಿ ಯಾಕೆ ಹಾಕಿದ್ದೀ, ಎಂದು ಒಂದೇ ಮಧ್ಯಾಹ್ನ ಎರಡನ್ನೂ ಕೇಳಿಸಿಕೊಂಡ ತಾಯಂದಿರು ನನ್ನ ಓದುಗರಲ್ಲಿ ಖಂಡಿತ ಇದ್ದಾರೆ.

ಬುದ್ಧಿ ಹೇಳುವುದು ಬೇರೆ, ತೀರ್ಪು ಕೊಡುವುದು ಬೇರೆ. ನಮ್ಮಲ್ಲಿ ಇವೆರಡೂ ಹಾಲು ನೀರಿನ ಹಾಗೆ ಬೆರೆತುಹೋಗಿವೆ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎನ್ನುತ್ತೇವೆ. ಸೀರೆ ಚೆನ್ನಾಗಿದ್ದರೆ ನೇಯ್ದವನಿಗೆ ಹೊಗಳಿಕೆ, ಹರಿದರೆ ಮಾತ್ರ ನೂಲಿನ ಮೇಲೆ ದೂರು. ಮಗ ಪರೀಕ್ಷೆಯಲ್ಲಿ ಮೊದಲಿಗನಾದರೆ ಅಪ್ಪನ ಬುದ್ಧಿ, ಫೇಲಾದರೆ ಅಮ್ಮನ ಮುದ್ದು. ಮೂವತ್ತು ವರ್ಷಗಳ ಕಾಲ ಹೈಸ್ಕೂಲಿನ ಪೋಷಕರ ಸಭೆಗಳಲ್ಲಿ ಕೂತು ಇದನ್ನು ನೋಡಿದ್ದೇನೆ. ಸಭೆಗೆ ಬರುವವರಲ್ಲಿ ಹೆಚ್ಚಿನವರು ತಾಯಂದಿರೇ. ಅವರು ಅಂಕಪಟ್ಟಿಯ ಮುಂದೆ ತಲೆ ತಗ್ಗಿಸಿ ನಿಲ್ಲುವ ರೀತಿ ನೋಡಿದರೆ, ಲೆಕ್ಕದಲ್ಲಿ ಹದಿನೆಂಟು ಅಂಕ ತೆಗೆದವಳು ಆ ತಾಯಿಯೇ ಏನೋ ಅನ್ನಿಸುತ್ತದೆ.

ನಾನು ಶಾಲೆಯಲ್ಲಿ ಪಾಠ ಮಾಡುವ ವಿಷಯ ಚರಿತ್ರೆ. ನಮ್ಮ ಪಠ್ಯಗಳಲ್ಲಿ ಯಾವ ರಾಜ ಯಾವ ಕೋಟೆ ಕಟ್ಟಿಸಿದ ಎಂಬುದಿದೆ, ಆ ಕೋಟೆಯ ಕೆಳಗಿನ ಮನೆಗಳಲ್ಲಿ ಅಳುವ ಕೂಸನ್ನು ಯಾರು ಹೇಗೆ ಸುಮ್ಮನಾಗಿಸಿದರು ಎಂಬುದಿಲ್ಲ. ಹೀಗಾಗಿ ತಾಯಂದಿರಿಗೆ ಹೇಳಿದ ಮಾತುಗಳಿಗೂ ಒಂದು ಚರಿತ್ರೆ ಇದ್ದೀತೇ ಎಂಬ ಕುತೂಹಲದಿಂದ ಒಂದಷ್ಟು ವರ್ಷ ಸಿಕ್ಕಿದ್ದನ್ನೆಲ್ಲ ಓದಿದೆ. ಚರಿತ್ರೆ ಇದೆ, ಅದು ಸ್ವಾರಸ್ಯವಾಗಿಯೂ ಇದೆ. ಅದರ ದೊಡ್ಡ ಭಾಗ ನಡೆದದ್ದು ನಮ್ಮ ದೇಶದಲ್ಲಲ್ಲ, ಅಮೆರಿಕ, ನ್ಯೂಜಿಲೆಂಡ್, ಇಂಗ್ಲೆಂಡುಗಳಲ್ಲಿ. ಆದರೆ ಅಲ್ಲಿಯ ತಾಯಂದಿರ ಅಳಲು ನಮ್ಮ ಕೇರಿಯದೇ ಅನ್ನಿಸಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬಾಣಂತಿಗೆ ಬುದ್ಧಿ ಹೇಳುವ ಕೆಲಸ ಎಲ್ಲ ದೇಶಗಳಲ್ಲೂ ಬಹುಮಟ್ಟಿಗೆ ಅಜ್ಜಿಯರದು, ಸೂಲಗಿತ್ತಿಯರದು, ನೆರೆಮನೆಯವರದು. ಆಮೇಲೆ ಆ ಜಾಗಕ್ಕೆ ಡಾಕ್ಟರು ಬಂದರು. ಬರುವುದಕ್ಕೆ ಕಾರಣವೂ ಇತ್ತು. ದೊಡ್ಡ ಪಟ್ಟಣಗಳಲ್ಲಿ ಕೂಸುಗಳು ಬೇಸಿಗೆ ಬಂತೆಂದರೆ ಭೇದಿಯಿಂದ ಸಾಯುತ್ತಿದ್ದವು. ದೂರದ ಹಳ್ಳಿಯಿಂದ ಬರುವ ಹಾಲು ದಾರಿಯಲ್ಲೇ ಕೆಡುತ್ತಿತ್ತು. ರೋಗಾಣುಗಳ ವಿಚಾರ ಆಗತಾನೇ ತಿಳಿಯತೊಡಗಿತ್ತು. ನ್ಯೂಯಾರ್ಕಿನ ಶಿಶುಗಳ ಆಸ್ಪತ್ರೆಯ ಡಾಕ್ಟರ್ ಎಮೆಟ್ ಹೋಲ್ಟ್ ಎಂಬವರು 1894ರಲ್ಲಿ ಮಕ್ಕಳ ಆರೈಕೆ, ಆಹಾರಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಮಗು ನೋಡಿಕೊಳ್ಳುವ ದಾದಿಯರ ತರಬೇತಿಗೆಂದು ಸಿದ್ಧವಾದ ಆ ಪುಸ್ತಕ ನಮ್ಮ ಮಕ್ಕಳ ಗೈಡುಗಳ ಹಾಗೆ ಪ್ರಶ್ನೋತ್ತರ ರೂಪದಲ್ಲಿದೆ. ಹಾಲನ್ನು ಹೇಗೆ ಶುದ್ಧವಾಗಿಡಬೇಕು ಎಂಬ ಅದರ ಪಾಠ ಎಷ್ಟೋ ಜೀವ ಉಳಿಸಿರಬೇಕು. ಆದರೆ ಅದೇ ಪುಸ್ತಕ, ಆರು ತಿಂಗಳೊಳಗಿನ ಕೂಸಿನ ಜೊತೆ ಆಟವಾಡಲೇಬಾರದು ಎಂದೂ ವಿಧಿಸಿತು!

ನ್ಯೂಜಿಲೆಂಡಿನ ಡಾಕ್ಟರ್ ಟ್ರೂಬಿ ಕಿಂಗ್ ಇನ್ನೂ ಗಟ್ಟಿ ಕುಳ. ಅವರು ಡ್ಯುನೆಡಿನ್ ಪಟ್ಟಣದ ಬಳಿ ಹುಚ್ಚಾಸ್ಪತ್ರೆಯೊಂದರ ಮುಖ್ಯಸ್ಥರಾಗಿದ್ದರು. ಆಸ್ಪತ್ರೆಗೆ ಸೇರಿದ ಹೊಲದಲ್ಲಿ ಕರುಗಳಿಗೆ ಅಳತೆ ಪ್ರಕಾರ ಹಾಲು ಕುಡಿಸಿ ಸಾಕಿ ಒಳ್ಳೆಯ ಫಲ ಕಂಡಿದ್ದರು. ಕರುವಿಗಾದದ್ದು ಕೂಸಿಗೆ ಯಾಕಾಗಬಾರದು ಎಂದು 1907ರಲ್ಲಿ ಒಂದು ಸಂಘ ಕಟ್ಟಿದರು. ಪ್ಲಂಕೆಟ್ ಸೊಸೈಟಿ ಎಂದು ಹೆಸರಾದ ಈ ಸಂಘದ ದಾದಿಯರು ಮನೆ ಮನೆಗೆ ಹೋಗಿ ಮಗುವನ್ನು ತೂಗಿ, ಎದೆಹಾಲಿನ ಮಹತ್ವ ತಿಳಿಸುತ್ತಿದ್ದರು. ಅದು ದೊಡ್ಡ ಸೇವೆಯೇ. ಆದರೆ ಹಾಲು ಕೊಡುವುದು ನಾಲ್ಕು ಗಂಟೆಗೊಮ್ಮೆ ಮಾತ್ರ, ರಾತ್ರಿ ಕೊಡಕೂಡದು, ಅತ್ತರೂ ಎತ್ತಿಕೊಳ್ಳಕೂಡದು ಎಂಬುದು ಕಟ್ಟಳೆ. ನಮ್ಮ ಮನೆಯ ಕರುವಾದರೂ ಹಸಿವಾದಾಗ ಗೂಟ ಕಿತ್ತುಕೊಂಡು ಹೋಗುತ್ತಿತ್ತು. ಪಾಪ, ಆ ಕೂಸುಗಳಿಗೆ ಅದೂ ಇರಲಿಲ್ಲ. ಗೋಡೆಯಾಚೆ ಮಗು ಅಳುತ್ತಿರುವಾಗ ಗಡಿಯಾರ ನೋಡುತ್ತ ಕೂತ ತಾಯಂದಿರ ಎದೆಯಲ್ಲಿ ಏನಾಗುತ್ತಿತ್ತು ಎಂಬುದನ್ನು ಯಾವ ತಕ್ಕಡಿಯೂ ತೂಗಲಿಲ್ಲ.

ಈ ಬಗೆಯ ಮಾತಿನ ತುತ್ತತುದಿ ಎಂದರೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವ್ಯಾಟ್ಸನ್. 1928ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು, ಮಕ್ಕಳನ್ನು ಅಪ್ಪಬೇಡಿ, ಮುತ್ತಿಡಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬೆಳಿಗ್ಗೆ ಎದ್ದಾಗ ಕೈ ಕುಲುಕಿದರೆ ಸಾಕು ಎಂದು ಬರೆದರು. ತಾಯಿಯ ಪ್ರೀತಿಯೇ ಮಗುವಿಗೆ ಅಪಾಯ ಎಂಬುದು ಅವರ ಒಟ್ಟು ವಾದ. ಎಂಟು ವರ್ಷಗಳ ನಂತರ, 1936ರಲ್ಲಿ, ತಮ್ಮ ಆತ್ಮಕಥನದಲ್ಲಿ ಅವರೇ ಆ ಪುಸ್ತಕದ ಬಗ್ಗೆ ವಿಷಾದ ಸೂಚಿಸಿ, ಅದನ್ನು ಬರೆಯುವಷ್ಟು ತಿಳಿವಳಿಕೆ ತನಗಿರಲಿಲ್ಲ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಒಂದು ತಲೆಮಾರಿನ ಕೂಸುಗಳು ಶಾಲೆಗೆ ಹೋಗುವಷ್ಟು ದೊಡ್ಡವಾಗಿದ್ದವು.

ಹೋಲ್ಟ್, ಕಿಂಗ್, ವ್ಯಾಟ್ಸನ್ ಈ ಮೂವರಲ್ಲೂ ಒಂದು ಸಾಮಾನ್ಯ ಗುಣವಿದೆ. ಅವರು ಹೇಳುತ್ತಾರೆ, ತಾಯಿ ಕೇಳುತ್ತಾಳೆ. ಮಾತಿನ ದಾರಿ ಒಂದೇ ಕಡೆಗೆ. ಇದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ದಾರಿ ತೆರೆಯಿತು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಅದು.

1912ರಲ್ಲಿ ಅಮೆರಿಕದ ಸರಕಾರ ಮಕ್ಕಳಿಗಾಗಿಯೇ ಒಂದು ಕಚೇರಿ ತೆರೆದು, ಜೂಲಿಯಾ ಲ್ಯಾಥ್ರಾಪ್ ಎಂಬ ಮಹಿಳೆಯನ್ನು ಅದರ ಮುಖ್ಯಸ್ಥೆಯಾಗಿ ನೇಮಿಸಿತು. ಆ ದೇಶದಲ್ಲಿ ಕೇಂದ್ರ ಸರಕಾರದ ಇಂಥ ಕಚೇರಿಯನ್ನು ನಡೆಸಿದ ಮೊದಲ ಹೆಂಗಸು ಆಕೆ. ಅಮೆರಿಕದ ಹೆಂಗಸರಿಗೆಲ್ಲ ಮತದಾನದ ಹಕ್ಕೇ ಬಂದಿರಲಿಲ್ಲ. ಸಂವಿಧಾನದಲ್ಲಿ ಅದು ಸೇರಿದ್ದು 1920ರಲ್ಲಿ. ಲ್ಯಾಥ್ರಾಪ್ ಮೊದಲು ಕೈಗೆತ್ತಿಕೊಂಡ ಪ್ರಶ್ನೆ, ಕೂಸುಗಳು ಯಾಕೆ ಸಾಯುತ್ತವೆ ಎಂಬುದು. 1913ರಲ್ಲಿ ಜಾನ್ಸ್‌ಟೌನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ ಕಚೇರಿಯ ಹೆಂಗಸರು ಮನೆ ಮನೆಗೆ ಹೋಗಿ ತಾಯಂದಿರನ್ನು ಮಾತಾಡಿಸಿ ಲೆಕ್ಕ ತೆಗೆದರು. ಅಪ್ಪನ ಸಂಬಳ ಕಡಿಮೆಯಾದಷ್ಟೂ ಆ ಮನೆಯ ಕೂಸುಗಳ ಸಾವು ಹೆಚ್ಚು ಎಂಬುದು ಕಂಡುಬಂತು. ಚರಂಡಿಯಿಲ್ಲದ ಕೇರಿ, ಶುದ್ಧ ನೀರಿಲ್ಲದ ಮನೆ, ಹೆತ್ತ ಕೆಲವೇ ದಿನಕ್ಕೆ ಮೈಮುರಿದು ದುಡಿಯಬೇಕಾದ ಬಡತನ ಇವೆಲ್ಲ ಆ ಸಾವಿನ ಹಿಂದೆ ಇದ್ದವು. ತಾಯಿಗೆ ತಿಳಿವಳಿಕೆ ಇಲ್ಲದ್ದರಿಂದ ಮಗು ಸತ್ತಿತು ಎಂದು ಹೇಳಿ ಕೈತೊಳೆದುಕೊಳ್ಳುವುದು ಇನ್ನು ಸುಲಭವಿರಲಿಲ್ಲ.

1914ರಲ್ಲಿ ಆ ಕಚೇರಿ ಶಿಶುಪಾಲನೆಯ ಬಗ್ಗೆ ಪುಟ್ಟ ಪುಸ್ತಿಕೆ ಹೊರಡಿಸಿತು. ಬರೆದವರು ಮೇರಿ ಮಿಲ್ಸ್ ವೆಸ್ಟ್, ಗಂಡನನ್ನು ಕಳೆದುಕೊಂಡ, ಐದು ಮಕ್ಕಳ ತಾಯಿ. ಐದು ಹೆತ್ತವಳು ದೇಶಕ್ಕೆಲ್ಲ ಬುದ್ಧಿ ಹೇಳಿದಳು ಅನ್ನಿ! ಪುಸ್ತಿಕೆ ಮನೆಮನೆ ತಲುಪಿತು. ಅದರ ಹಿಂದೆಯೇ ಯಾರೂ ನಿರೀಕ್ಷಿಸದ ಸಂಗತಿ ನಡೆಯಿತು. ತಾಯಂದಿರು ತಿರುಗಿ ಪತ್ರ ಬರೆಯತೊಡಗಿದರು. ಒಂದಲ್ಲ ಎರಡಲ್ಲ, ಸಾವಿರಾರು. ಹೊಲದ ನಡುವಿನ ಒಂಟಿ ಮನೆಗಳಿಂದ, ಗಣಿಗಳ ಊರುಗಳಿಂದ, ಕಾಗುಣಿತ ತಪ್ಪಿದ ಅಕ್ಷರಗಳಲ್ಲಿ ಬರೆದರು. ಮಗು ರಾತ್ರಿಯಿಡೀ ಅಳುತ್ತದೆ, ಗಂಡ ಕೊಟ್ಟಿಗೆಯ ಕೆಲಸಕ್ಕೂ ಬಾ ಎನ್ನುತ್ತಾನೆ, ನಾಲ್ಕು ಗಂಟೆಗೊಮ್ಮೆ ಹಾಲು ಕೊಡಿ ಎಂದಿದ್ದೀರಿ, ಉಳಿದ ಕೆಲಸ ಯಾವಾಗ ಮಾಡಲಿ, ಇನ್ನೊಂದು ಬಸಿರಾಗದಂತೆ ಏನು ಮಾಡಲಿ, ಹೀಗೆ. ಡಾಕ್ಟರಿಗೆ ಹೇಳಲಾಗದ್ದನ್ನು, ಅತ್ತೆಗೆ ಹೇಳಿದರೆ ರಂಪವಾಗುವಂಥದ್ದನ್ನು, ದೂರದ ರಾಜಧಾನಿಯಲ್ಲಿ ಕೂತ, ಮುಖ ಕಾಣದ ಹೆಂಗಸಿಗೆ ಬರೆದರು.

1916ರಲ್ಲಿ ವೈಯೋಮಿಂಗ್ ಎಂಬ ಸೀಮೆಯಿಂದ ಬಂದ ಒಂದು ಪತ್ರ ಪ್ರಸಿದ್ಧವಾಗಿದೆ. ಆಕೆಗೆ ಮೂರನೆಯ ಬಸಿರು. ಹತ್ತಿರದ ಡಾಕ್ಟರು ಇರುವುದು 65 ಮೈಲಿ ದೂರದಲ್ಲಿ. ನೆರೆಹೊರೆಯಲ್ಲಿ ಹೆರಿಗೆಯಲ್ಲೇ ಸತ್ತವರನ್ನು ಕಂಡಿದ್ದಾಳೆ. ಭಯವಾಗುತ್ತಿದೆ ಎಂದು ಬರೆದಳು. ಅದಕ್ಕೆ ಉತ್ತರವನ್ನು ಲ್ಯಾಥ್ರಾಪ್ ತಾವೇ ಬರೆದರು. ಇಂಥ ಪತ್ರಗಳಿಗೆ ಅಚ್ಚು ಹಾಕಿಸಿಟ್ಟ ಜವಾಬನ್ನು ಕಳಿಸಿ ಸುಮ್ಮನಾಗದೆ, ಆ ಕಚೇರಿಯ ಹೆಂಗಸರು ಒಂದೊಂದಕ್ಕೂ ಕೂತು ಉತ್ತರಿಸುತ್ತಿದ್ದರು. ತೀರಾ ಕಷ್ಟದಲ್ಲಿದ್ದವರಿಗೆ ಕೈಯಿಂದ ಹಣ ಹಾಕಿ ನೆರವಾದದ್ದೂ ಉಂಟು. 1921ರಲ್ಲಿ ತಾಯಿ ಮಕ್ಕಳ ಆರೋಗ್ಯಕ್ಕೆ ಹಣ ಒದಗಿಸುವ ಶೆಪರ್ಡ್-ಟೌನರ್ ಕಾನೂನು ಅಮೆರಿಕದಲ್ಲಿ ಬರುವುದಕ್ಕೆ ಈ ಕಚೇರಿಯ ದುಡಿಮೆ ಒಂದು ಮುಖ್ಯ ಕಾರಣ. ಡಾಕ್ಟರುಗಳ ಸಂಘದ ವಿರೋಧದಿಂದಾಗಿ 1929ರಲ್ಲಿ ಅದು ನಿಂತುಹೋಯಿತೆಂಬುದು ಬೇಸರದ ಸಂಗತಿ.

ಹಾಗೆಂದು ಪುಸ್ತಿಕೆಯಲ್ಲಿ ಬರೆದದ್ದೆಲ್ಲ ಸರಿಯಿತ್ತೇ? ಇರಲಿಲ್ಲ. 1914ರ ಆವೃತ್ತಿ ಹೋಲ್ಟರ ಕಾಲದ್ದೇ. ಮಗುವಿನ ಜೊತೆ ಆಟ ಬೇಡ, ಬೆರಳು ಚೀಪಿದರೆ ಅಂಗಿಯ ತೋಳನ್ನು ಬೆರಳ ಮೇಲೆಳೆದು ಪಿನ್ನು ಹಾಕಿ ಎಂದು ಅದರಲ್ಲಿದೆ. 1940ರ ದಶಕದ ಆವೃತ್ತಿಗಳಿಗೆ ಬಂದರೆ ಅದೇ ಸರಕಾರ, ಅದೇ ಹೆಸರಿನ ಪುಸ್ತಿಕೆ, ಬೆರಳು ಚೀಪಿದರೆ ಚಿಂತೆಯಿಲ್ಲ, ಮಗುವಿಗೆ ಆಟವೂ ಬೇಕು ಎನ್ನುತ್ತದೆ. 1953ರಲ್ಲಿ ಮಾರ್ಥಾ ವುಲ್ಫೆನ್‌ಸ್ಟೀನ್ ಎಂಬ ವಿದುಷಿ ಈ ಆವೃತ್ತಿಗಳನ್ನೆಲ್ಲ ಸಾಲಾಗಿಟ್ಟು ಹೋಲಿಸಿ ಬರೆದಿದ್ದಾರೆ. ಅಮ್ಮನ ಕಾಲದಲ್ಲಿ ಪಿನ್ನು, ಮಗಳ ಕಾಲದಲ್ಲಿ ಮುದ್ದು. ಪಿನ್ನು ಹಾಕಿದ ಅಮ್ಮನನ್ನು ಕೆಟ್ಟವಳೆನ್ನೋಣವೇ? ಅವಳೂ ಅಂದಿನ ಶಾಸ್ತ್ರ ಹೇಳಿದ್ದನ್ನೇ ಮಾಡಿದ್ದು. ನಮ್ಮ ಅತ್ತೆಯರು ಮಾಡಿದ್ದನ್ನು ಆಡಿಕೊಳ್ಳುವ ಮೊದಲು ನಾವು ನೆನೆಯಬೇಕಾದ ಮಾತಿದು. ನಮ್ಮ ಸೊಸೆಯಂದಿರೂ ನೆನೆದರೆ ಒಳ್ಳೆಯದು!

ಎರಡನೆಯ ಮಹಾಯುದ್ಧದ ಹೊತ್ತಿಗೆ ಗಾಳಿ ಬದಲಾಯಿತು. 1946ರಲ್ಲಿ ಅಮೆರಿಕದ ಮಕ್ಕಳ ಡಾಕ್ಟರು ಬೆಂಜಮಿನ್ ಸ್ಪಾಕ್ ಬರೆದ ಶಿಶುಪಾಲನೆಯ ಪುಸ್ತಕ ಕಾಲು ಡಾಲರಿನ ಅಗ್ಗದ ಬೆಲೆಗೆ ಅಂಗಡಿಗಳಿಗೆ ಬಂತು. ಮುಂದಿನ ಅರ್ಧ ಶತಮಾನದಲ್ಲಿ ಅದರ ಸುಮಾರು 5 ಕೋಟಿ ಪ್ರತಿಗಳು ಖರ್ಚಾದವು. ಏನಿತ್ತು ಅದರಲ್ಲಿ? ತಾಯಿಗೆ ಅವರು ಮೊದಲು ಹೇಳಿದ್ದು, ನಿನ್ನ ಮೇಲೆ ನಿನಗೆ ನಂಬಿಕೆಯಿರಲಿ ಎಂಬರ್ಥದ ಮಾತು. ಐವತ್ತು ವರ್ಷ ಗದರಿಸಿಕೊಂಡ ತಾಯಂದಿರಿಗೆ ಅದನ್ನು ಕೇಳಿ ಎಷ್ಟು ಹಗುರಾಗಿರಬೇಡ! ಅವರ ಪುಸ್ತಕದಲ್ಲಿ ಮಗುವಿನ ಚಾಕರಿಯೆಲ್ಲ ತಾಯಿಯದೇ ಎಂಬಂತಿದೆ ಎಂದು ಮುಂದೆ ಹೆಂಗಸರು ಆಕ್ಷೇಪಿಸಿದರು. ಸ್ಪಾಕ್ ಅದನ್ನು ಕೇಳಿಸಿಕೊಂಡು 1976ರ ಆವೃತ್ತಿಯಲ್ಲಿ ತಿದ್ದಿಕೊಂಡರು, ಅಪ್ಪನಿಗೂ ಕೆಲಸ ಹಚ್ಚಿದರು.

ಇಂಗ್ಲೆಂಡಿನ ಡೊನಾಲ್ಡ್ ವಿನ್ನಿಕಾಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು. ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ನಲವತ್ತು ವರ್ಷ ತಾಯಂದಿರ ಮುಂದೆ ಕೂತವರು. 1943ರಿಂದ 1962ರವರೆಗೆ ಅವರು ಬಿಬಿಸಿ ರೇಡಿಯೋದಲ್ಲಿ ತಾಯಂದಿರಿಗಾಗಿ ಮಾತಾಡಿದರು. 1949ರಲ್ಲಿ ಒಂದು ಭಾಷಣಮಾಲೆಗೆ ಕೇಳಿಕೊಂಡಾಗ, ಜನ ಏನು ಮಾಡಬೇಕೆಂದು ಹೇಳುವುದರಲ್ಲಿ ನನಗೆ ಆಸಕ್ತಿಯಿಲ್ಲ, ಅದು ನನಗೆ ಗೊತ್ತೂ ಇಲ್ಲ. ಸಾಮಾನ್ಯ ತಾಯಿ ತನ್ನ ಮಗುವನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತ ಏನನ್ನು ಸರಿಯಾಗಿಯೇ ಮಾಡುತ್ತಿದ್ದಾಳೋ ಅದರ ಬಗ್ಗೆ ಮಾತಾಡುತ್ತೇನೆ ಎಂದರಂತೆ. ಮಗುವಿಗೆ ಬೇಕಾದದ್ದು ತಪ್ಪೇ ಮಾಡದ ತಾಯಿಯಲ್ಲ, ಸಾಕಷ್ಟು ಒಳ್ಳೆಯ ತಾಯಿ ಎಂಬ ಅವರ ವಿಚಾರ ಇಂದಿಗೂ ಉಳಿದಿದೆ. ವಿನ್ನಿಕಾಟರಿಗೆ ಸ್ವಂತ ಮಕ್ಕಳಿರಲಿಲ್ಲ. ನಾಲ್ಕು ಮಕ್ಕಳ ತಂದೆ ವ್ಯಾಟ್ಸನ್ ಕೈ ಕುಲುಕಲು ಹೇಳಿದರೆ, ಮಕ್ಕಳೇ ಇಲ್ಲದ ವಿನ್ನಿಕಾಟ್ ತಾಯಿಯನ್ನು ಅರ್ಥಮಾಡಿಕೊಂಡರು. ಇಲ್ಲಿಗೆ ನಮ್ಮ ಗಾದೆಯ ಲೆಕ್ಕ ತಪ್ಪಿತು. ಎಷ್ಟು ಹೆತ್ತರು ಎಂಬುದಕ್ಕಿಂತ ಎಷ್ಟು ಕೇಳಿಸಿಕೊಂಡರು ಎಂಬುದೇ ದೊಡ್ಡದು.

ಅಲ್ಲಿಂದಾಚೆಗೆ ತೀರ್ಪಿನ ಕಾಲ ಮುಗಿಯಿತೆಂದಲ್ಲ. ಅದರ ಅತ್ಯಂತ ಕ್ರೂರ ಪ್ರಕರಣ ನಡೆದದ್ದು ಆಮೇಲೆಯೇ. 1943ರಲ್ಲಿ ಅಮೆರಿಕದ ಡಾಕ್ಟರ್ ಲಿಯೋ ಕ್ಯಾನರ್ ಆಟಿಸಂ ಎಂಬ ಸ್ಥಿತಿಯನ್ನು ವಿವರಿಸಿದರು. ಮಾತು ತಡವಾಗುವ, ಕಣ್ಣಿಗೆ ಕಣ್ಣು ಕೊಡದ, ತನ್ನದೇ ಲೋಕದಲ್ಲಿರುವ ಮಕ್ಕಳು. ಹುಟ್ಟಿನಿಂದ ಬಂದದ್ದೆಂದು ಮೊದಲು ಸೂಚಿಸಿದ ಅವರೇ ಮುಂದೆ ಅಪ್ಪ ಅಮ್ಮನ ತಣ್ಣಗಿನ ನಡವಳಿಕೆಯ ಬಗ್ಗೆಯೂ ಬರೆದರು. ಆ ಮಾತು ಬೆಳೆಯುತ್ತ ಹೋಗಿ, ಆಟಿಸಂಗೆ ತಾಯಿಯ ತಣ್ಣನೆಯ ಹೃದಯವೇ ಕಾರಣ ಎಂಬಲ್ಲಿಗೆ ಬಂತು. ರೆಫ್ರಿಜರೇಟರ್ ತಾಯಂದಿರು ಎಂಬ ಹೆಸರೂ ಹುಟ್ಟಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಈ ದೂರನ್ನು ಇನ್ನಷ್ಟು ಹರಡಿತು. ಮಗುವಿನ ಮುಖವನ್ನೇ ನೋಡುತ್ತ, ಒಂದು ನಗುವಿಗಾಗಿ ಕಾಯುತ್ತಿದ್ದ ತಾಯಿಗೆ, ನಿನಗೆ ಪ್ರೀತಿಯಿಲ್ಲದ್ದರಿಂದಲೇ ಹೀಗಾಯಿತು ಎಂದು ವಿದ್ವಾಂಸರು ಹೇಳಿದರು. ಹೇಗೆ ತಡೆದುಕೊಂಡರೋ!

ಆ ಕಟ್ಟನ್ನು ಬಿಚ್ಚಿದವರು ಹೆತ್ತವರೇ. ಬರ್ನಾರ್ಡ್ ರಿಮ್‌ಲ್ಯಾಂಡ್ ಅಮೆರಿಕದ ನೌಕಾಪಡೆಯಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ. ಅವರ ಮಗನಿಗೇ ಆಟಿಸಂ ಇತ್ತು. ತನ್ನ ಹೆಂಡತಿ ಪ್ರೀತಿಯಿಲ್ಲದವಳಲ್ಲ ಎಂಬುದನ್ನು ಅವರು ದಿನಾ ಕಣ್ಣಾರೆ ಕಾಣುತ್ತಿದ್ದರು. ಇದ್ದ ಬರವಣಿಗೆಯನ್ನೆಲ್ಲ ಓದಿ, 1964ರಲ್ಲಿ ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ತಾಯಿಯ ತಪ್ಪಲ್ಲ ಎಂದು ಪುಸ್ತಕ ಬರೆದರು. ಪುಸ್ತಕದ ಕೊನೆಗೆ ಮಗುವಿನ ಬಗ್ಗೆ ಒಂದು ಪ್ರಶ್ನಾವಳಿ ಸೇರಿಸಿದ್ದರು. ಹೆತ್ತವರು ಅದನ್ನು ತುಂಬಿ ಅವರಿಗೆ ಕಳಿಸಿದರು, ಜೊತೆಗೆ ಪತ್ರ ಬರೆದರು. ಮತ್ತೆ ಪತ್ರಗಳು! 1965ರಲ್ಲಿ ಆ ಹೆತ್ತವರೆಲ್ಲ ಸೇರಿ ಒಂದು ಸಂಘ ಕಟ್ಟಿದರು. ಆಟಿಸಂಗೆ ವಂಶವಾಹಿಗಳ ಪಾತ್ರ ದೊಡ್ಡದೆಂದು ನಂತರದ ಸಂಶೋಧನೆಗಳು ತೋರಿಸಿವೆ. ತಾಯಿಯ ಹೃದಯ ತಣ್ಣಗಿತ್ತೆಂಬ ಮಾತು ಈಗ ಉಳಿದಿಲ್ಲ.

ಇದನ್ನು ಓದುವಾಗ ನನಗೆ ನನ್ನ ಮಗನ ಎರಡನೆಯ ವರ್ಷ ನೆನಪಾಗುತ್ತಿತ್ತು. ಅವನಿಗೂ ಎರಡು ತುಂಬಿದ ಮೇಲೂ ಮಾತು ಬಂದಿರಲಿಲ್ಲ. ಅಮ್ಮ ಎಂಬುದನ್ನೂ ಹೇಳುತ್ತಿರಲಿಲ್ಲ. ನಮ್ಮ ಮಲೆನಾಡಿನ ಕಡೆ ಮಾತು ಬರಲೆಂದು ನಾಲಿಗೆಗೆ ಬಜೆ ತೇಯ್ದು ಹಚ್ಚುವ ರೂಢಿ. ಅದೂ ಆಯಿತು. ಬಂದ ನೆಂಟರೆಲ್ಲ "ಟೀಚರಮ್ಮನ ಮಗನಿಗೇ ಮಾತಿಲ್ಲವಲ್ಲ" ಎಂದು ಹೋದರು. ಪೇಟೆಯ ಡಾಕ್ಟರೊಬ್ಬರು ಮಗುವನ್ನು ಮುಟ್ಟುವ ಮೊದಲೇ, "ನೀವು ಕೆಲಸಕ್ಕೆ ಹೋಗ್ತೀರಲ್ಲ, ಮಗುವಿನ ಹತ್ತಿರ ಮಾತಾಡೋರು ಯಾರು? ಅದಕ್ಕೇ ಹೀಗೆ" ಎಂದುಬಿಟ್ಟರು. ಆಮೇಲೆ ನಾನು ಬಾಯಿ ತೆರೆಯಲಿಲ್ಲ. ಹಿಂದಿನ ಮಳೆಗಾಲವೆಲ್ಲ ಅವನಿಗೆ ಶೀತ ಬಿಟ್ಟಿರಲಿಲ್ಲ, ಕಿವಿ ಹಿಡಿದುಕೊಂಡು ಅಳುತ್ತಿದ್ದ ಎಂಬುದು ಹೇಳಬೇಕಾಗಿದ್ದ ಸಂಗತಿ. ಅದು ಗಂಟಲಲ್ಲೇ ಉಳಿಯಿತು.

ನಮ್ಮ ಬೀದಿಯ ಅಂಗನವಾಡಿಯಲ್ಲಿ ಒಬ್ಬರು ಟೀಚರಿದ್ದರು, ನನಗಿಂತ ಹಿರಿಯರು. ಒಂದು ಸಂಜೆ ಮಗನನ್ನು ಎತ್ತಿಕೊಂಡು ಹೋಗುತ್ತಿದ್ದಾಗ ನಿಲ್ಲಿಸಿ ಕೇಳಿದರು. "ಟೀಚರೇ, ಹಿಂದಿನಿಂದ ಕರೆದ್ರೆ ತಿರುಗ್ತಾನಾ? ಪಾತ್ರೆ ಬಿದ್ರೆ ಬೆಚ್ಚಿ ಬೀಳ್ತಾನಾ?" ಅಷ್ಟೇ. ನೀವು ಹಾಗೆ ಮಾಡಿದಿರಾ, ಹೀಗೆ ಮಾಡಲಿಲ್ಲವಾ ಎನ್ನಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಶೀತ, ಕಿವಿನೋವು ಎಲ್ಲವನ್ನೂ ಹೇಳಿದೆ. "ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಒಂದ್ಸಲ ತೋರಿಸ್ಕೊಂಡು ಬನ್ನಿ" ಎಂದರು. ಮಾನಸಗಂಗೋತ್ರಿಯ ಆ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿದಾಗ, ಎರಡೂ ಕಿವಿಗಳ ತಮಟೆಯ ಹಿಂದೆ ನೀರು ತುಂಬಿಕೊಂಡಿದ್ದು ಕಂಡುಬಂತು. ಚಿಕಿತ್ಸೆಯಾಯಿತು, ಕಿವಿ ತೆರೆಯಿತು, ಮಾತು ನಿಧಾನವಾಗಿ ಬಂತು. ಬಂದ ಮೇಲೆ ಅವನನ್ನು ಸುಮ್ಮನಾಗಿಸುವುದೇ ಕಷ್ಟವಾಯಿತು ಎನ್ನುವುದು ಬೇರೆ ಮಾತು.

ತೀರ್ಪಿನಿಂದ ಆಗುವ ನಷ್ಟ ಇದೇ. ತಾಯಿಯ ಮನಸ್ಸು ನೋಯುತ್ತದೆ ಎಂಬಷ್ಟಕ್ಕೇ ಅದು ನಿಲ್ಲುವುದಿಲ್ಲ. ತಾಯಿ ಬಾಯಿ ಮುಚ್ಚುತ್ತಾಳೆ. ಮಾತು ಬಾರದ ಮಗುವಿನ ಸುದ್ದಿ ಹೊರಗೆ ಬರುವುದು ತಾಯಿಯ ಬಾಯಿಂದ. ಅದೇ ಮುಚ್ಚಿಹೋದರೆ ಎಂಥ ಪಂಡಿತನಿಗೂ ಕಾಯಿಲೆ ತಿಳಿಯುವ ದಾರಿಯಿಲ್ಲ. ಲ್ಯಾಥ್ರಾಪರಿಗೆ ಬಂದಂಥ ಪತ್ರ ವ್ಯಾಟ್ಸನ್‌ರಂಥವರಿಗೆ ಯಾವ ತಾಯಿ ತಾನೇ ಬರೆದಾಳು?

ಆದರೆ ಮೆತ್ತಗೆ ಹೇಳಿದ್ದೆಲ್ಲ ಸತ್ಯವಾಗಬೇಕೆಂದಿಲ್ಲ. ಸ್ಪಾಕ್‌ರಂಥ ಸಹೃದಯರೂ 1950ರ ದಶಕದ ಕೊನೆಯ ಆವೃತ್ತಿಯಿಂದ ಕೂಸನ್ನು ಬೋರಲು ಮಲಗಿಸಿ ಎಂದು ಸಲಹೆ ಮಾಡಿದರು. ವಾಂತಿ ಮಾಡಿದರೆ ಉಸಿರು ಕಟ್ಟೀತೆಂಬುದು ಅವರ ಕಾಳಜಿ. ಬೋರಲು ಮಲಗಿದ ಕೂಸುಗಳಲ್ಲೇ ನಿದ್ದೆಯಲ್ಲಿನ ಹಠಾತ್ ಸಾವು ಹೆಚ್ಚೆಂದು ಮುಂದೆ ಸಿದ್ಧವಾಯಿತು. 1991ರಲ್ಲಿ ಇಂಗ್ಲೆಂಡಿನಲ್ಲೂ 1994ರಲ್ಲಿ ಅಮೆರಿಕದಲ್ಲೂ, ಕೂಸನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ನಡೆದು ಇಂಥ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಬಜೆಯ ಜೊತೆ ಜೇನು ನೆಕ್ಕಿಸುವ ನಮ್ಮ ರೂಢಿಗೂ ಇದೇ ಮಾತು ಸಲ್ಲುತ್ತದೆ. ವರ್ಷ ತುಂಬದ ಕೂಸಿಗೆ ಜೇನು ಕೊಡಕೂಡದೆಂದು ಈಗ ಡಾಕ್ಟರುಗಳು ಹೇಳುತ್ತಾರೆ. ಇದನ್ನು ಸೊಸೆಗೂ ಅಜ್ಜಿಗೂ ತಿಳಿಸಲೇಬೇಕು. ತಿಳಿಸುವಾಗ ಅಜ್ಜಿ ಪೆದ್ದಿ ಎನ್ನಬೇಕಾಗಿಲ್ಲ.

ಕನ್ನಡದಲ್ಲಿ ಈ ಹದ ಬಲ್ಲವರು ಡಾ. ಅನುಪಮಾ ನಿರಂಜನ. 1934ರಲ್ಲಿ ನಮ್ಮ ತೀರ್ಥಹಳ್ಳಿಯಲ್ಲಿ ಹುಟ್ಟಿ, ಡಾಕ್ಟರಾಗಿ ಧಾರವಾಡ, ಬೆಂಗಳೂರುಗಳಲ್ಲಿ ದುಡಿದು, ಕಾದಂಬರಿಗಳ ಜೊತೆಗೆ 'ತಾಯಿ ಮಗು', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಮುಂತಾದ ಪುಸ್ತಕಗಳನ್ನು ಬರೆದರು. ತಮಗೇ ಕ್ಯಾನ್ಸರ್ ಬಂದಾಗ ಅದನ್ನೂ ಮುಚ್ಚಿಡದೆ ಬರೆದು, 1991ರಲ್ಲಿ ತೀರಿಕೊಂಡರು. 'ತಾಯಿ ಮಗು' ನನಗೆ ಸೀಮಂತದಲ್ಲಿ ಅಕ್ಕ ಕೊಟ್ಟ ಪುಸ್ತಕ. ಹೆಂಗಸರ ಮೈಯ ವಿಚಾರ ಎಂದರೆ ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಆಡುವಂಥದ್ದು ಎಂದು ಬೆಳೆದ ನಮಗೆ, ಅದನ್ನು ಅಚ್ಚ ಕನ್ನಡದಲ್ಲಿ, ನಾಚಿಕೆಪಡಿಸದೆ, ಹೆದರಿಸದೆ ಹೇಳಿದವರು ಅವರು. ಮನಸ್ಸಿನ ತೊಂದರೆಗಳ ಬಗ್ಗೆ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರೂ ಅಂಥ ಕೆಲಸವನ್ನೇ ಮಾಡಿದ್ದಾರೆ.

ಇನ್ನು, ಪುಸ್ತಕ ಓದಲಾರದ ತಾಯಂದಿರ ಮನೆಬಾಗಿಲಿಗೆ ಹೋದವರು ಅಂಗನವಾಡಿಯವರು. ಅಂಗಳದಲ್ಲೇ ಶಿಶುವಿಹಾರ ಎಂಬ ಈ ಕಲ್ಪನೆಯನ್ನು 1940ರ ದಶಕದಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಪ್ರಯೋಗಿಸಿದವರು ತಾರಾಬಾಯಿ ಮೋಡಕ್. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಇಡೀ ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಶುರುಮಾಡಿದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ತಕ್ಕಡಿ, ತೂಕದ ಪಟ್ಟಿ, ಮನೆಭೇಟಿ ಎಲ್ಲ ಇಲ್ಲಿಯೂ ಇವೆ. ತೂಕ ಕಡಿಮೆ ಬಂದರೆ "ಏನಮ್ಮಾ, ಮಗೂಗೆ ಊಟ ಹಾಕಲ್ವಾ?" ಎಂದು ಎಲ್ಲರೆದುರು ಕೇಳಿಸಿಕೊಂಡ ತಾಯಿ ಮುಂದಿನ ತಿಂಗಳು ತೂಕದ ದಿನ ಗದ್ದೆಗೆ ಹೋಗಿಬಿಡುತ್ತಾಳೆ. "ಈ ತಿಂಗಳು ಜ್ವರ ಏನಾದ್ರೂ ಬಂದಿತ್ತಾ? ಕೂಲಿ ಸಿಕ್ತಾ?" ಎಂದು ಕೇಳುವ ಟೀಚರಿದ್ದರೆ ಆಕೆ ಪಕ್ಕದ ಮನೆಯವಳನ್ನೂ ಕರೆದುಕೊಂಡು ಬರುತ್ತಾಳೆ. ಜಾನ್ಸ್‌ಟೌನಿನ ಹೆಂಗಸರು ನೂರು ವರ್ಷದ ಹಿಂದೆ ಕೇಳಿದ್ದೂ ಈ ಎರಡನೆಯ ಬಗೆಯ ಪ್ರಶ್ನೆಯನ್ನೇ.

ಕಳೆದ ಕೆಲವು ವರ್ಷಗಳಿಂದ ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ನನ್ನ ತರಗತಿಯ ತಾಯಂದಿರನ್ನು ಒಬ್ಬೊಬ್ಬರನ್ನಾಗಿ, ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತೇನೆ. ಅಂಕಪಟ್ಟಿಯನ್ನು ಆಮೇಲೆ ತೆಗೆಯುತ್ತೇನೆ. ಮೊದಲಿಗೆ, "ಮನೇಲಿ ಹೇಗಿದ್ದಾನೆ?" ಎನ್ನುತ್ತೇನೆ. ರಾತ್ರಿ ಓದಲು ದೀಪವಿಲ್ಲದ್ದು, ಕಪ್ಪುಹಲಗೆ ಸರಿಯಾಗಿ ಕಾಣುತ್ತಿಲ್ಲವೆಂದು ಹುಡುಗ ಮನೆಯಲ್ಲಿ ಮಾತ್ರ ಹೇಳಿಕೊಂಡದ್ದು, ಅಪ್ಪ ಕುಡಿದು ಬಂದ ದಿನ ಇಬ್ಬರೂ ಹಿತ್ತಿಲಲ್ಲಿ ಕೂತದ್ದು, ಇವೆಲ್ಲ ಆಗ ಒಂದೊಂದಾಗಿ ಹೊರಬರುತ್ತವೆ. ಎಲ್ಲಕ್ಕೂ ನನ್ನಲ್ಲಿ ಉತ್ತರವಿಲ್ಲ. ಕನ್ನಡಕಕ್ಕೆ ಮಾತ್ರ ಆ ವಾರವೇ ಚೀಟಿ ಬರೆಸಬಹುದು. ಈ ವರ್ಷ ಹಾಗೆ ಮೂವರು ಮಕ್ಕಳಿಗೆ ಕನ್ನಡಕ ಬಂತು. ಅವರಲ್ಲಿ ಒಬ್ಬ, ಲೆಕ್ಕದಲ್ಲಿ ಹದಿನೆಂಟು ತೆಗೆದವನು.